ಬೀದರ – ಬಾರಾಲಾಚಾ, ವಯಾ ಕೌಠಾ

ಹಳೆಯ ವೇ ಬಿಲ್ ಪುಸ್ತಕದಲ್ಲಿ ಹದಿನೇಳು ಹಾಳೆ ಖಾಲಿ ಉಳಿದಿದ್ದವು.
ಡಿಪೊಗೆ ಮರಳಿಸಬೇಕಿತ್ತು, ಮರಳಿಸಲಿಲ್ಲ;
ಇಪ್ಪತ್ತಾರು ವರ್ಷದ ಕಂಡಕ್ಟರಿಕೆಯಲ್ಲಿ ನನ್ನದು ಇದೊಂದೇ ಕಳವು.
ಈಗ ಅದರ ಮೇಲೆ ಬೆಟ್ಟದ ದಾರಿ ಬರೆಯುತ್ತಿದ್ದೇನೆ.

ಸ್ಟೇಜು ಒಂದು, ಬೀದರ. ಎತ್ತರ ಎರಡು ಸಾವಿರದ ಮುನ್ನೂರು ಅಡಿ.
ನಾಂದೇಡ, ನಾಗಪುರ, ಝಾನ್ಸಿ:
ಅಲ್ಲಿಯ ತನಕ ನೆಲ ತಟ್ಟಿದ ರೊಟ್ಟಿ, ಪೆನ್ನು ತಾನೇ ಓಡುತ್ತದೆ.
ಮಂಡಿ ದಾಟಿದ್ದೇ ತಡ
ನಕಾಶೆಯ ಗೆರೆ ಕಾದ ಎಣ್ಣೆಗೆ ಬಿದ್ದ ಸೇವಿನಂತೆ ಸುತ್ತಿಕೊಳ್ಳುತ್ತದೆ.
ಹೊಲಿಗೆಯ ಕೆಂಪು ದಾರ ಇಟ್ಟು ಅಳೆದೆ,
ತಿರುವು ತಿರುವಿಗೂ ಉಗುರಿನಿಂದ ಒತ್ತಿ ಹಿಡಿದು.
ಗೇಣು ದೂರದ ಊರಿಗೆ ಮೊಳ ದಾರ ಸಾಲಲಿಲ್ಲ.

ವೈಜಿನಾಥ ಅಂಗಳದಲ್ಲಿ ಮಿನಿ ಬಸ್ಸಿನ ಕೆಳಗೆ. ಕಾಲಷ್ಟೇ ಕಾಣುತ್ತವೆ.
(ಗಂಡನ ಹೆಸರು ಹಿಡಿಯಬಾರದಂತೆ; ಇರಲಿ,
ಡ್ಯೂಟಿ ಬೋರ್ಡಿನ ಮೇಲೆ ದಿನಾ ಓದಿದ ಹೆಸರು.)
ಭಾಲ್ಕಿಯ ಶಾಲೆ ಮಾರಿದ ಹಳದಿ ಗಾಡಿ:
ಸೀಟು ಕಿತ್ತ ಕಡೆ ಮಂಚ, ಮುಂದೆ ಗ್ಯಾಸಿನ ಒಲೆ,
ಹಿಂದೆ ನೂರು ಲೀಟರಿನ ನೀರಿನ ಡ್ರಮ್ಮು,
ಕಿಟಕಿಯ ಕೆಳಗೆ ಯಾರೋ ಕೈವಾರದಿಂದ ಕೊರೆದ 'ಅಂಬಿಕಾ, ಐದನೇ ಬಿ'.
ಬಣ್ಣ ಹೊಡೆಯುವಾಗ ಅದಕ್ಕೆ ಬ್ರಷ್ಷು ತಾಗಿಸಬೇಡ ಅಂದಿದ್ದೇನೆ.

ಮೂವತ್ತು ವರ್ಷ ಮೆಕ್ಯಾನಿಕ್, ಓಡಿಸಿದ್ದು ಶೆಡ್ಡಿನಿಂದ ಗೇಟಿಗೆ.
ಘಟ್ಟ ಇಳಿದು ಬಂದ ಬಸ್ಸುಗಳ ಸುಟ್ಟ ಲೈನರ್ ಮೂಸಿ
ಅವನು ಕಲಿತ ಮಾತು ಒಂದೇ, ದಿನಕ್ಕೆ ಮೂರು ಸಲ ಹೇಳುತ್ತಾನೆ:
"ಯಾ ಗೇರಿನಾಗ ಏರ್ತಿ, ಅದೇ ಗೇರಿನಾಗ ಇಳೀಬೇಕ್ ನೋಡ್."

ಗುರುದ್ವಾರದ ಲಂಗರಿನಲ್ಲಿ ಪಕ್ಕ ಕೂತ ಜೋಗಾ ಸಿಂಗ್
ಕೆನಡಾದಲ್ಲಿ ಹದಿನೆಂಟು ಗಾಲಿಯ ಲಾರಿ ಓಡಿಸುವವನು.
ಅಲ್ಲಿ ಬೆಟ್ಟದ ಹೆದ್ದಾರಿಯಲ್ಲಿ ಬ್ರೇಕು ಹೋದ ಗಾಡಿಗೆಂದೇ
ಪಕ್ಕಕ್ಕೊಂದು ದಾರಿ ಇರುತ್ತದಂತೆ, ಮೇಲಕ್ಕೇರುವ ದಾರಿ, ತುಂಬ ಸಡಿಲ ಜಲ್ಲಿ;
ಗಾಡಿ ಹೂತು, ಉಸಿರು ಬಿಟ್ಟು, ನಿಲ್ಲುತ್ತದೆ.
ಮನೆಯನ್ನೇ ಗಾಡಿ ಮಾಡಿಕೊಂಡು ಬರುವವರೂ ಇದ್ದಾರಂತೆ,
ಯಾವ ರಾತ್ರಿ ಎಲ್ಲಿ ಎಂದು ಮೊದಲೇ ಬರೆದಿಟ್ಟು.
"ಬರೆದ ಹಾಗೇ ಆಗ್ತದೇನು?" ಕೇಳಿದೆ.
ದಾಲ್ ಹಾಕಿಸಿಕೊಳ್ಳುತ್ತ ಅಂದ,
"ಹಿಮಕ್ಕೆ ಓದಲಿಕ್ಕೆ ಬರೋದಿಲ್ಲ, ಬೆಹನ್‌ಜೀ."

ನಮ್ಮ ಬೆಟ್ಟದಲ್ಲಿ ಅಂಥ ಜಲ್ಲಿ ಉಂಟೋ ಇಲ್ಲವೋ.
ನಾನು ಎಳೆದ ಕಾಲಂಗಳು ಬೇರೆ:
ಕತ್ತಲಿಗೆ ಮುಂಚೆ ಗಾಡಿ ತಿರುಗಿಸುವಷ್ಟು ಜಾಗ ಎಲ್ಲಿ,
ಹೆಂಗಸು ಇಳಿದು ಹೋಗಲು ಮರೆ ಎಲ್ಲಿ
(ಸಂತಪುರದಿಂದ ಔರಾದದ ತನಕ ತಡೆದುಕೊಂಡ ವರ್ಷಗಳು
ಈ ಕಾಲಮ್ಮನ್ನು ಎಲ್ಲಕ್ಕೂ ಮೊದಲು ಹಾಕಿಸಿದವು),
ಹೆಪ್ಪುಗಟ್ಟದ ನೀರು ಎಲ್ಲಿ.
ಜಿಂಗ್‌ಜಿಂಗ್‌ಬಾರ್ ಎಂಬ ಊರಿದೆ. ಒಮ್ಮೆ ಕೂಗಿಯೇ ನೋಡಿದೆ:
"ಜಿಂಗ್‌ಜಿಂಗ್‌ಬಾರ್ ಯಾರ್ ಇಳಿಯೋರು, ಮುಂದ್ ಬರ್ರಿ!"
ಓಣಿಯ ಕೋಳಿಗಳು ಗೋಡೆ ಹಾರಿದವು.

ನಿನ್ನೆ ಮೊದಲ ಪರೀಕ್ಷೆ. ನಮಗೆ ಸಿಗುವ ಘಟ್ಟವೆಂದರೆ
ಊರಿನ ಕೆಂಪುಕಲ್ಲಿನ ಅಂಚಿನಿಂದ ಮಾಂಜ್ರಾ ತಗ್ಗಿಗೆ ಇಳಿಯುವ ರಸ್ತೆ, ಅಷ್ಟೇ.
ಅವನು ಸ್ಟಿಯರಿಂಗಿಗೆ, ನಾನು ಬಾಗಿಲಿಗೆ.
ಎರಡನೇ ಗೇರು. ಡ್ರಮ್ಮಿನ ನೀರು ಒಳಗೊಳಗೇ ಮುಂದಕ್ಕೆ ನೂಕಿತು.
ಎದುರಿಗೆ ಕಬ್ಬಿನ ಟ್ರ್ಯಾಕ್ಟರ್. ಪಕ್ಕಕ್ಕೆ ನಿಂತೆವು, ದಾಟಿತು,
ನಾನು ರೂಢಿಯಂತೆ ತಗಡಿಗೆ ಎರಡು ಬಡಿದೆ, ಹೋಗು ಅಂತ.
ಅವನು ಗಕ್ಕನೆ ಇಂಜಿನ್ ಬಂದ್ ಮಾಡಿದ.
"ಯಾನಾತು? ಯಾರ್ ಕರದ್ರು?"

ಬಸ್ಸಿನ ಅಡಿಯಲ್ಲಿ ಮಲಗಿ ವಯಸ್ಸು ಕಳೆದವನಿಗೆ
ಮೇಲೆ ತಗಡು ಬಡಿದರೆ
ಕೈ ತೆಗಿ, ಹೊರಗೆ ಬಾ ಎಂದರ್ಥ.

ಕೌಠಾ ಸೇತುವೆಯ ಹತ್ತಿರ ಚಹಾಕ್ಕೆ ನಿಲ್ಲಿಸಿ
ಹೊಸ ಹಾಳೆ ತೆಗೆದೆ. ಒಂದು ಬಡಿತ, ನಿಲ್ಲು. ಎರಡು, ಹೋಗು.
"ಮೂರು?" ಅಂದ.
ಮೂರಕ್ಕೆ ಡಿಪೊದಲ್ಲಿ ಅರ್ಥ ಇರಲಿಲ್ಲ.
ಚಹಾ ಆರುವ ತನಕ ಯೋಚಿಸಿದೆವು,
ಆ ಸಾಲು ಹಾಗೇ ಬಿಟ್ಟು, ಕಪ್ಪಿನ ದುಡ್ಡು ಕೊಟ್ಟು
ವಾಪಸ್ ಏರತೊಡಗಿದೆವು, ಎರಡನೇ ಗೇರಿನಲ್ಲೇ.